ಹಿಂದೆ ಬರುವವರ ದೀಪ

ಕಾರಿನ ದೀಪಗಳನ್ನು ಎಣಿಸಿ ಎಂದು ಯಾರಾದರೂ ಹೇಳಿದರೆ ನಾವೆಲ್ಲ ಸಾಮಾನ್ಯವಾಗಿ ಮುಂದಿನಿಂದ ಶುರುಮಾಡುತ್ತೇವೆ. ಮುಂದಿನ ದೊಡ್ಡ ದೀಪಗಳು ನಮಗೆ ದಾರಿ ತೋರಿಸಲು. ಒಳಗಿನ ಪುಟ್ಟ ದೀಪ ಸೀಟಿನ ಕೆಳಗೆ ಬಿದ್ದ ಬೀಗದಕೈ ಹುಡುಕಲು. ಡ್ಯಾಶ್‌ಬೋರ್ಡಿನ ಕೆಂಪು, ಹಳದಿ ಚುಕ್ಕೆಗಳು ಗ್ಯಾಸ್ ಮುಗಿಯುತ್ತಾ ಬಂತು, ಬಾಗಿಲು ಸರಿಯಾಗಿ ಹಾಕಿಲ್ಲ ಎಂದು ನಮಗೇ ನೆನಪು ಮಾಡಲು. (ಗ್ಯಾಸ್ ಎಂದರೆ ಇಲ್ಲಿ ಪೆಟ್ರೋಲು ಎಂದು ಊರಿನಿಂದ ಬಂದ ಹಿರಿಯರಿಗೆ ಪ್ರತಿ ಸಲವೂ ವಿವರಿಸಬೇಕು, ಆ ಮಾತು ಬೇರೆ.) ಬ್ರೇಕ್ ಲೈಟು ಮಾತ್ರ ಈ ಪಂಗಡಕ್ಕೆ ಸೇರಿದ್ದಲ್ಲ. ಅದಕ್ಕೆ ದುಡ್ಡು ಕೊಟ್ಟವರು ನಾವು, ಕಾಲಿನಿಂದ ಅದನ್ನು ಹೊತ್ತಿಸುವವರೂ ನಾವು; ಆದರೆ ಅದು ಹೊತ್ತಿತೋ ಇಲ್ಲವೋ ನಮ್ಮ ಕಣ್ಣಿಗೆ ಬೀಳುವುದಿಲ್ಲ. ನಮ್ಮ ಹಿಂದೆ ಬರುತ್ತಿರುವ, ನಾವು ಹೆಸರು ಕೇಳದ, ಮುಖ ನೋಡದ ಯಾರೋ ಒಬ್ಬರಿಗಾಗಿ ಅದು ಇದೆ.

ಸುಟ್ಟುಹೋದ ಬ್ರೇಕ್ ಲೈಟಿನ ಬಲ್ಬನ್ನು ಮನೆಯಲ್ಲೇ ಬದಲಾಯಿಸುವುದು ಹೇಗೆಂದು ಬರೆದುಕೊಡಿ ಎಂದು ಸಂಪಾದಕರು ಕೇಳಿದ್ದರು. ಅದು ಹತ್ತು ನಿಮಿಷದ ಕೆಲಸ, ಮುಂದೆ ಹೇಳುತ್ತೇವೆ. ಬರೆಯಲು ಕುಳಿತಾಗ ಅದಕ್ಕಿಂತ ಮೊದಲಿನ ಇನ್ನೊಂದು ಪ್ರಶ್ನೆ ಅಡ್ಡ ಬಂದು ನಿಂತಿತು. ಬಲ್ಬು ಸುಟ್ಟಿದೆ ಎಂದು ಕಾರಿನ ಒಡೆಯರಿಗೆ ಗೊತ್ತಾಗುವುದು ಹೇಗೆ? ಗೊತ್ತಿರುವುದು ಹಿಂದಿನವರಿಗೆ ತಾನೆ. ಅವರು ಹೇಳಬೇಕೆ? ಹೇಳದೆ ಹೋದರೆ ಅದು ಬರೀ ಉದಾಸೀನವೇ, ಅಥವಾ ಕರ್ತವ್ಯ ತಪ್ಪಿದ ಹಾಗೆಯೇ?

ಮೊದಲು ಬಲ್ಬಿನ ವಿಚಾರ. ಹಳೆಯ ಕಾರುಗಳಲ್ಲಿ ಹೆಚ್ಚಾಗಿ ಸಿಗುವುದು 1157 ಎಂಬ ಸಂಖ್ಯೆಯ ಬಲ್ಬು. ಆಮೇಲೆ ಬಂದ ಅನೇಕ ಕಾರುಗಳಲ್ಲಿ 3157 ಅಥವಾ 7443. ಈ ಮೂರರಲ್ಲೂ ಒಂದೇ ಗಾಜಿನೊಳಗೆ ಎರಡು ತಂತಿಗಳಿವೆ. 1157ರಲ್ಲಿ ಒಂದು ತಂತಿ ಸುಮಾರು 8 ವಾಟಿನದು, ರಾತ್ರಿಯೆಲ್ಲ ಮಂದವಾಗಿ ಉರಿಯುವುದಕ್ಕೆ. ಇನ್ನೊಂದು ಸುಮಾರು 27 ವಾಟಿನದು, ಬ್ರೇಕ್ ತುಳಿದಾಗ ಮಾತ್ರ ಪ್ರಖರವಾಗಿ ಹೊತ್ತುವುದಕ್ಕೆ. ಟಂಗ್‌ಸ್ಟನ್ ತಂತಿ ಕಾವಿಗೆ ಸ್ವಲ್ಪ ಸ್ವಲ್ಪವೇ ಆವಿಯಾಗಿ ಸವೆಯುತ್ತದೆ, ಗಾಜಿನ ಒಳಗೋಡೆ ಕಪ್ಪಾಗುತ್ತದೆ, ಒಂದು ದಿನ ತಂತಿ ಕಡಿದುಹೋಗುತ್ತದೆ. ಎಷ್ಟೋ ಸಲ ದೊಡ್ಡ ತಂತಿ ಕಡಿದು ಚಿಕ್ಕದು ಉಳಿದಿರುತ್ತದೆ. ಆಗ ರಾತ್ರಿ ಹೊತ್ತು ದೀಪ ಹಾಕಿ ಕಾರಿಗೆ ಒಂದು ಪ್ರದಕ್ಷಿಣೆ ಬಂದರೂ ಎರಡೂ ಕಡೆ ಕೆಂಪು ಬೆಳಕು ಲಕ್ಷಣವಾಗಿಯೇ ಕಾಣುತ್ತದೆ. ಜಾಗರೂಕರಾದ ಮನುಷ್ಯರು ನೋಡಿ, ಎಲ್ಲ ಸರಿಯಿದೆ ಎಂದು ತೃಪ್ತಿಪಟ್ಟು ಒಳಗೆ ಹೋಗಿ ಮಲಗುತ್ತಾರೆ. ಮರುದಿನ ಹೈವೇಯಲ್ಲಿ ಗಕ್ಕನೆ ಬ್ರೇಕ್ ತುಳಿದಾಗ ಆ ದೀಪ ಮಂದವಾಗಿಯೇ ಇರುತ್ತದೆ. ಕೆಲವು ಕಾರುಗಳು ಬಲ್ಬು ಹೋದರೆ ಡ್ಯಾಶ್‌ಬೋರ್ಡಿನಲ್ಲಿ ತಿಳಿಸುತ್ತವೆ, ಎಲ್ಲವೂ ಅಲ್ಲ. ತನ್ನ ಬೆನ್ನು ತನಗೆ ಕಾಣದು ಎಂಬ ಗಾದೆಗೆ ಇಷ್ಟು ಅಕ್ಷರಶಃ ಉದಾಹರಣೆ ಬೇರೆಲ್ಲೂ ನಮಗೆ ಕಂಡಿಲ್ಲ.

ಇಲ್ಲೊಂದು ಆಕ್ಷೇಪಣೆ ಬರುವುದುಂಟು, ಬಂದೇ ಬರುತ್ತದೆ. ಹಿಂದಿನವನು ಅಂತರ ಬಿಟ್ಟು ಓಡಿಸಬೇಕು. ಗುದ್ದಿದರೆ ತಪ್ಪು ಅವನದು, ಅವನ ಇನ್ಶೂರೆನ್ಸ್ ಕೊಡುತ್ತದೆ. ನಮ್ಮ ದೀಪದ ಚಿಂತೆ ನಮಗೇಕೆ ಅಷ್ಟು? ಹಿಂದಿನಿಂದ ಗುದ್ದಿದವರದೇ ತಪ್ಪೆಂದು ಮೊದಲಿಗೆ ಭಾವಿಸುವುದು ಇಲ್ಲಿನ ರೂಢಿಯೇ. ಆದರೆ ಮುಂದಿನ ಕಾರಿನ ಬ್ರೇಕ್ ದೀಪ ಉರಿಯುತ್ತಿರಲಿಲ್ಲ ಎಂದು ತೋರಿಸಿದರೆ ತಪ್ಪು ಹಂಚಿಹೋಗುವ ರಾಜ್ಯಗಳು ಅನೇಕ. ಕಾನೂನಿನ ಮಾತು ಹಾಗಿರಲಿ. ಗುದ್ದಿದ ಮೇಲೆ ಯಾರ ಹಣ ಯಾರಿಗೆ ಎಂಬ ಲೆಕ್ಕಕ್ಕೆ ಮಾತ್ರ ಆ ವಾದ ಉತ್ತರ ಕೊಡುತ್ತದೆ. ಗುದ್ದುವ ಮೊದಲು ಅವನಿಗೆ ನಾವೇನು ಕೊಡಬೇಕಿತ್ತು ಎಂಬುದು ಬೇರೆ ಲೆಕ್ಕ. ಗಂಟೆಗೆ 65 ಮೈಲಿ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 95 ಅಡಿ ಹೋಗುತ್ತದೆ. ತಂತಿಯ ಬಲ್ಬು ಕಾದು ಪೂರ್ತಿ ಬೆಳಗಲು ತೆಗೆದುಕೊಳ್ಳುವ ಕಾಲ ಎಲ್‌ಇಡಿಗಿಂತ ಸುಮಾರು 0.2 ಸೆಕೆಂಡು ಹೆಚ್ಚು. ಅಷ್ಟರಲ್ಲೇ ಹಿಂದಿನ ಕಾರು 19 ಅಡಿ, ಎಂದರೆ ಒಂದು ಕಾರಿನ ಉದ್ದಕ್ಕಿಂತ ಹೆಚ್ಚು, ಮುಂದೆ ಬಂದಿರುತ್ತದೆ. ಉರಿಯುವ ದೀಪ ತಡವಾದರೇ ಇಷ್ಟು. ಉರಿಯದೇ ಹೋದರೆ ಎಷ್ಟು? ಆ ಅಡಿಗಳು ಅವನ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿವೆ. ಆ ಕಾರಿನ ಹಿಂದಿನ ಸೀಟಿನಲ್ಲಿ ಭರತನಾಟ್ಯದ ಕ್ಲಾಸಿಗೆ ಹೊರಟ ಮಗು ಇರಬಹುದು. ಇನ್ಶೂರೆನ್ಸ್ ಬಂಪರಿನ ಬೆಲೆ ಕೊಟ್ಟೀತು.

ಹಿಂದಿನವರಿಗೆ ಸ್ಪಷ್ಟವಾಗಿ ತಿಳಿಸುವುದರಿಂದ ಎಷ್ಟು ಪ್ರಯೋಜನ ಎಂಬುದಕ್ಕೆ ಈ ದೇಶದಲ್ಲೇ ಒಂದು ಕಥೆಯಿದೆ. 1970ರ ದಶಕದ ಆರಂಭದಲ್ಲಿ ಜಾನ್ ವೊಯೆವೊಡ್‌ಸ್ಕಿ ಎಂಬ ಮನಶ್ಶಾಸ್ತ್ರಜ್ಞರು ಸ್ಯಾನ್ ಫ್ರಾನ್ಸಿಸ್ಕೋದ 343 ಟ್ಯಾಕ್ಸಿಗಳ ಹಿಂಭಾಗದಲ್ಲಿ, ಮಧ್ಯಕ್ಕೆ, ಹೆಚ್ಚಿನ ದೀಪವೊಂದನ್ನು ಹಾಕಿಸಿದರು. ಹಿಂದಿನಿಂದ ಗುದ್ದುವ ಅಪಘಾತಗಳು ಆ ಟ್ಯಾಕ್ಸಿಗಳಲ್ಲಿ ಸುಮಾರು ಶೇಕಡ 60ರಷ್ಟು ಕಡಿಮೆಯಾದವು. ಮುಂದೆ ಸರ್ಕಾರವೂ ಪರೀಕ್ಷೆ ನಡೆಸಿ, 1986ರ ಮಾದರಿಯಿಂದ ಎಲ್ಲ ಹೊಸ ಕಾರುಗಳಿಗೂ, 1994ರ ಮಾದರಿಯಿಂದ ಸಣ್ಣ ಟ್ರಕ್ಕುಗಳಿಗೂ ಮೂರನೆಯ ಬ್ರೇಕ್ ದೀಪವನ್ನು ಕಡ್ಡಾಯ ಮಾಡಿತು. ಕಥೆಯ ಉತ್ತರಾರ್ಧ ಅಷ್ಟು ಉತ್ಸಾಹಕರವಲ್ಲ. ಎಲ್ಲ ಕಾರಿಗೂ ದೀಪ ಬಂದು ಕಣ್ಣಿಗೆ ರೂಢಿಯಾದ ಮೇಲೆ ಪ್ರಯೋಜನ ಇಳಿಯುತ್ತಾ ಬಂತು. ಸರ್ಕಾರದ ಲೆಕ್ಕದಲ್ಲೇ 1987ರಲ್ಲಿ ಶೇಕಡ 8.5 ಇದ್ದದ್ದು 1989ರಿಂದ 1995ರ ಅವಧಿಯಲ್ಲಿ ಶೇಕಡ 4.3ಕ್ಕೆ ನಿಂತಿತು. ಮನುಷ್ಯನ ಕಣ್ಣೇ ಹಾಗೆ. ಹೊಸ ಕೆಂಪಿಗೆ ಬೆಚ್ಚುತ್ತದೆ, ಹಳೆಯ ಕೆಂಪಿಗೆ ಒಗ್ಗಿಹೋಗುತ್ತದೆ. ಆದರೂ ಒಂದು ಪುಟ್ಟ ದೀಪಕ್ಕೆ ಶೇಕಡ 4 ಎಂಬುದು ಸಣ್ಣದಲ್ಲ.

ಇನ್ನು ಹೇಳುವ ವಿಷಯ. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಯಾವ ಊರಿನ ರಸ್ತೆಯಲ್ಲೇ ಆಗಲಿ, ಸ್ಕೂಟರಿನ ಸೈಡ್ ಸ್ಟ್ಯಾಂಡ್ ಎತ್ತದೆ ಹೊರಟವರನ್ನು ನೆನಪಿಸಿಕೊಳ್ಳಿ. ಐವತ್ತು ಗಜ ಹೋಗುವುದರೊಳಗೆ ಬಸ್‌ಸ್ಟಾಪಿನಲ್ಲಿ ನಿಂತವರು, ಪಕ್ಕದ ಆಟೋದವರು, ಎದುರಿನಿಂದ ಸೈಕಲ್ಲಿನಲ್ಲಿ ಬರುವ ಹುಡುಗ, ಎಲ್ಲರೂ "ಸ್ಟ್ಯಾಂಡು, ಸ್ಟ್ಯಾಂಡು" ಎಂದು ಕೂಗುತ್ತಾರೆ. ಹಿಂದೆ ಕೂತವರ ಸೆರಗು ಚಕ್ರದ ಹತ್ತಿರ ಜೋತಾಡುತ್ತಿದ್ದರೆ "ಅಮ್ಮಾ, ಸೆರಗು ನೋಡ್ಕೊಳ್ಳಿ" ಎಂದು ಇನ್ನೊಬ್ಬರು ಗಾಡಿ ಪಕ್ಕಕ್ಕೆ ತಂದು ಹೇಳಿ ಹೋಗುತ್ತಾರೆ. ಹಗಲಲ್ಲಿ ಹೆಡ್‌ಲೈಟು ಉರಿಯುತ್ತಿದ್ದರೆ ಎದುರಿನವರು ಕೈಬೆರಳು ಅರಳಿಸಿ ಮುಚ್ಚಿ ಸನ್ನೆ ಮಾಡುತ್ತಾರೆ. ಈ ಕೊನೆಯದು ಎಷ್ಟು ಬೇರೂರಿದೆ ಎಂದರೆ, 2017ರ ಏಪ್ರಿಲ್‌ನಿಂದ ಭಾರತದಲ್ಲಿ ಹೊಸ ದ್ವಿಚಕ್ರ ವಾಹನಗಳ ದೀಪ ಹಗಲೂ ತಾನಾಗಿಯೇ ಉರಿಯಬೇಕೆಂಬ ನಿಯಮ ಬಂದಾಗ, ಹೊಸ ಗಾಡಿ ಕೊಂಡವರು ಊರಿಡೀ ಜನರ ಕೈಸನ್ನೆಗೆ ತಲೆಯಾಡಿಸಿ ತಲೆಯಾಡಿಸಿ ಸುಸ್ತಾದರು. ಆರಿಸಲು ಅದರಲ್ಲಿ ಸ್ವಿಚ್ಚೇ ಇಲ್ಲ!

ಊರಿನ ರಸ್ತೆಗಳನ್ನು ಹೊಗಳುವ ಉದ್ದೇಶ ನಮಗಿಲ್ಲ. ಅಲ್ಲಿ ಹಿಂದಿನ ದೀಪವೇ ಇಲ್ಲದೆ ನಿಂತ ಲಾರಿಗಳಿಗೆ ರಾತ್ರಿ ಹೊತ್ತು ಗುದ್ದಿ ಸತ್ತವರ ಸುದ್ದಿ ಪತ್ರಿಕೆಗಳಲ್ಲಿ ಹೊಸದೇನಲ್ಲ. ಕೆಟ್ಟು ನಿಂತ ಲಾರಿಯ ಹಿಂದೆ ನಾಲ್ಕು ಕಲ್ಲು, ಒಂದು ಸೊಪ್ಪಿನ ಕೊಂಬೆ ಇಟ್ಟರೆ ಕರ್ತವ್ಯ ಮುಗಿಯಿತು. ಲಾರಿ ಹೋದ ಮೇಲೂ ಕಲ್ಲು ಅಲ್ಲೇ ಉಳಿದು ಮುಂದಿನವರಿಗೆ ಅಪಾಯ ತರುತ್ತದೆ. ನಾವು ಹೇಳುತ್ತಿರುವುದು ಇಷ್ಟೇ: ಅಪರಿಚಿತರಿಗೆ ಕೂಗಿ ಹೇಳುವುದು ಅಲ್ಲಿ ಯಾರಿಗೂ ಹೆಚ್ಚುಗಾರಿಕೆ ಎನಿಸುವುದಿಲ್ಲ. ಕೂಗಿದವರಿಗೆ ಯಾರೂ ಥ್ಯಾಂಕ್ಸ್ ಹೇಳುವುದೂ ಇಲ್ಲ, ಸ್ಟ್ಯಾಂಡ್ ಒದ್ದು ಮೇಲೆತ್ತಿ ಹೊರಟುಬಿಡುತ್ತಾರೆ.

ಅದೇ ಜನ ನಾವು ಇಲ್ಲಿಗೆ ಬಂದು ಸಿಗ್ನಲ್ಲಿನಲ್ಲಿ ಮುಂದಿನ ಕಾರಿನ ಒಂದು ಕಡೆ ದೀಪ ಸತ್ತಿರುವುದನ್ನು ನೋಡುತ್ತೇವೆ, ಪಕ್ಕದಲ್ಲಿ ಕೂತವರಿಗೆ "ನೋಡಿ, ಅವನ ಲೈಟು ಹೋಗಿದೆ" ಎನ್ನುತ್ತೇವೆ, ಹಸಿರು ಬಂದ ಮೇಲೆ ಲೇನ್ ಬದಲಿಸಿ ಮುಂದೆ ಹೋಗುತ್ತೇವೆ. ಏಕೆ ಹೀಗೆ? ಬರೀ ಸ್ವಾರ್ಥ ಎಂದರೆ ಅನ್ಯಾಯವಾದೀತು. ಗಾಜು ಏರಿಸಿದ ಕಾರಿನೊಳಗೆ ದನಿ ಹೋಗುವುದಿಲ್ಲ. ಹಾರ್ನ್ ಹೊಡೆದರೆ ಇಲ್ಲಿ ಅದು ಬೈಗುಳ. ಹೆಡ್‌ಲೈಟು ಮಿಣುಕಿಸಿದರೆ ದಾರಿ ಬಿಡು ಎಂದು ತಿಳಿದುಕೊಳ್ಳುತ್ತಾರೆ. ಕೆಳಗಿಳಿದು ಹೋಗಿ ಕಿಟಕಿ ತಟ್ಟಿದರೆ ಒಳಗಿರುವವರು ಹೆದರುತ್ತಾರೆ. ಇವರ ಬಳಿ ಬಂದೂಕಿದ್ದರೆ ಎಂದು ನಾವೂ ಹೆದರುತ್ತೇವೆ. ಈ ಹೆದರಿಕೆ ಸುಳ್ಳು ಎಂದು ಹೇಳುವಂತಿಲ್ಲ. ಹಾಗಾಗಿ ಎಲ್ಲ ಸಂದರ್ಭದಲ್ಲೂ ಹೇಳಲೇಬೇಕು ಎಂದು ನಾವು ವಿಧಿಸುವುದಿಲ್ಲ. ಅಪಾಯವಿಲ್ಲದೆ ಹೇಳುವ ಅವಕಾಶ ಇದ್ದಾಗಲೂ, ಗ್ರೋಸರಿ ಅಂಗಡಿಯ ಮುಂದೆ, ಆಫೀಸಿನ ಪಾರ್ಕಿಂಗಿನಲ್ಲಿ, ದೇವಸ್ಥಾನದ ಹಿತ್ತಿಲಲ್ಲಿ ಚಪ್ಪಲಿ ಬಿಡುವಾಗಲೂ, ಹೇಳದೆ ಇರುತ್ತೇವಲ್ಲ, ಪ್ರಶ್ನೆ ಅದರ ಬಗ್ಗೆ.

ಹೇಳುವವರು ಯಾರೂ ಇಲ್ಲವಾದಾಗ ಆ ಕೆಲಸ ಸಮವಸ್ತ್ರದವರ ಪಾಲಿಗೆ ಹೋಗುತ್ತದೆ. ಅಲ್ಲಿ ಅದು ಏನಾಗುತ್ತದೆ ಎಂಬುದಕ್ಕೆ ಎರಡು ಪ್ರಸಂಗಗಳು ಎಲ್ಲರಿಗೂ ತಿಳಿದಿರಬೇಕಾದವು. 2009ರ ಏಪ್ರಿಲ್‌ನಲ್ಲಿ ನಾರ್ತ್ ಕ್ಯಾರೊಲಿನಾದ ಹೈವೇಯಲ್ಲಿ ಒಬ್ಬ ಸಾರ್ಜೆಂಟ್, ಕಾರು ಓಡಿಸುತ್ತಿದ್ದವನು ಬಿಗಿಯಾಗಿ, ಗಾಬರಿಯಿಂದ ಕೂತಂತೆ ಕಂಡಿತೆಂದು ಅವನ ಹಿಂದೆ ಹೋದರು. ಸ್ವಲ್ಪ ದೂರ ಹೋದ ಮೇಲೆ ಒಂದು ಬ್ರೇಕ್ ಲೈಟು ಉರಿಯದೆ ಇದ್ದದ್ದು ಕಂಡು ನಿಲ್ಲಿಸಿದರು. ಕಾರಿನಲ್ಲಿ ಮಾದಕ ವಸ್ತು ಸಿಕ್ಕಿತು. ಆಮೇಲೆ ನೋಡಿದರೆ ಆ ರಾಜ್ಯದ ಕಾನೂನಿನ ಪ್ರಕಾರ ಒಂದು ಬ್ರೇಕ್ ಲೈಟು ಇದ್ದರೆ ಸಾಕು ಎಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯ ಹೇಳಿತು. ಮೊಕದ್ದಮೆ ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2014ರ ಡಿಸೆಂಬರ್‌ನಲ್ಲಿ, ಅಧಿಕಾರಿ ಕಾನೂನನ್ನು ತಪ್ಪಾಗಿ ತಿಳಿದಿದ್ದರೂ ಆ ತಪ್ಪು ಸಹಜವಾದದ್ದು, ನಿಲ್ಲಿಸಿದ್ದು ಸರಿ ಎಂದು ಎಂಟು ನ್ಯಾಯಮೂರ್ತಿಗಳು ತೀರ್ಪಿತ್ತರು. ಒಬ್ಬರು, ಸೋಟೊಮಯೊರ್, ಒಪ್ಪಲಿಲ್ಲ. ಎರಡನೆಯದು ಇನ್ನೂ ಘೋರವಾದದ್ದು. 2015ರ ಏಪ್ರಿಲ್ 4ರಂದು ಸೌತ್ ಕ್ಯಾರೊಲಿನಾದ ನಾರ್ತ್ ಚಾರ್ಲ್‌ಸ್ಟನ್ ಊರಿನಲ್ಲಿ ವಾಲ್ಟರ್ ಸ್ಕಾಟ್ ಎಂಬ ಕಪ್ಪು ಜನಾಂಗದವರನ್ನು ಬ್ರೇಕ್ ಲೈಟು ಉರಿಯುತ್ತಿಲ್ಲವೆಂದು ಪೊಲೀಸರು ನಿಲ್ಲಿಸಿದರು. ಅವರು ಇಳಿದು ಓಡಿದರು. ನಿರಾಯುಧರಾಗಿ ಓಡುತ್ತಿದ್ದವರಿಗೆ ಬೆನ್ನ ಹಿಂದಿನಿಂದ ಗುಂಡು ಬಿತ್ತು. ಗುಂಡು ಹೊಡೆದ ಅಧಿಕಾರಿಗೆ 2017ರಲ್ಲಿ 20 ವರ್ಷದ ಶಿಕ್ಷೆಯಾಯಿತು.

ಎರಡೂ ಕಡೆ ದೀಪ ಸುಟ್ಟಿತ್ತು, ಎರಡೂ ಕಡೆ ಒಬ್ಬರು ಅದನ್ನು ನೋಡಿ ಹೇಳಿದರು. "ಸ್ಟ್ಯಾಂಡು" ಎಂದು ಕೂಗುವ ಸೈಕಲ್ ಹುಡುಗನೂ ನೋಡಿ ಹೇಳುತ್ತಾನೆ. ವ್ಯತ್ಯಾಸ ಎಲ್ಲಿದೆ? ಹುಡುಗನಿಗೆ ಆ ಮಾತಿನಿಂದ ತನಗೇನೂ ಆಗಬೇಕಾದ್ದಿಲ್ಲ. ಸ್ಟ್ಯಾಂಡು ಮೇಲೆ ಹೋದರೆ ಅವನ ಕೆಲಸ ಮುಗಿಯಿತು. ಸಾರ್ಜೆಂಟರಿಗೆ ದೀಪ ಸರಿಹೋಗುವುದಕ್ಕಿಂತ ಹೆಚ್ಚಾಗಿ ಆ ಕಾರು ನಿಲ್ಲಬೇಕಿತ್ತು. ದೀಪ ಒಂದು ನೆಪವಾಗಿ ಸಿಕ್ಕಿತು. ಎಲ್ಲ ಪೊಲೀಸರೂ ಹೀಗೆ ಎಂದು ನಾವು ಹೇಳುತ್ತಿಲ್ಲ, "ಲೈಟು ಹೋಗಿದೆ, ಹಾಕಿಸಿಕೊಳ್ಳಿ" ಎಂದಷ್ಟೇ ಹೇಳಿ ಕಳಿಸಿದವರೂ ಎಷ್ಟೋ ಮಂದಿ ಇದ್ದಾರೆ. ಆದರೆ ತಪ್ಪು ತೋರಿಸುವ ಮಾತು ಕೇಳುವವರ ಒಳಿತಿಗಾಗಿ ಹುಟ್ಟಿದ್ದೋ, ಅವರನ್ನು ಹಿಡಿತದಲ್ಲಿ ಇಟ್ಟುಕೊಳ್ಳಲು ಹುಟ್ಟಿದ್ದೋ ಎಂಬುದರ ಮೇಲೆ ಆ ಮಾತಿನ ಬೆಲೆ ನಿಂತಿದೆ. ಶಬ್ದಗಳು ಎರಡರಲ್ಲೂ ಒಂದೇ ಇರಬಹುದು.

ಇದನ್ನು ಸರಿಯಾಗಿ ಅರ್ಥಮಾಡಿಕೊಂಡವರು ಈ ದೇಶದಲ್ಲೂ ಇದ್ದಾರೆ. 2017ರಲ್ಲಿ ನ್ಯೂ ಆರ್ಲಿಯನ್ಸಿನ ಕೆಲವು ಸಮಾಜವಾದಿ ಕಾರ್ಯಕರ್ತರು ಬಂದವರ ಕಾರಿಗೆಲ್ಲ ಬ್ರೇಕ್ ಲೈಟಿನ ಬಲ್ಬನ್ನು ಉಚಿತವಾಗಿ ಹಾಕಿಕೊಟ್ಟರು. ಅವರ ರಾಜಕೀಯ ನಮ್ಮ ಸಂಘದ ಎಲ್ಲರಿಗೂ ಹಿಡಿಸಬೇಕೆಂದಿಲ್ಲ, ಬಲ್ಬಿಗೆ ರಾಜಕೀಯವಿಲ್ಲ. ಅದೇ ವರ್ಷ ಮಿನೆಸೋಟಾದಲ್ಲಿ ಪೊಲೀಸರೇ ದಂಡದ ಚೀಟಿಯ ಬದಲು ಗ್ಯಾರೇಜಿನಲ್ಲಿ ಪುಕ್ಕಟೆ ದೀಪ ಹಾಕಿಸಿಕೊಳ್ಳುವ ಕೂಪನ್ ಕೊಡುವ ಏರ್ಪಾಡು ಶುರುವಾಯಿತು. ಹಿಂದೆ ಕೆಂಪು ನೀಲಿ ದೀಪ ಮಿಂಚಿದಾಗ ಎದೆ ಬಡಿದುಕೊಳ್ಳುವುದು ನಮಗೆಲ್ಲ ಗೊತ್ತು, ಅದರಲ್ಲೂ ವೀಸಾದ ಕಾಗದಗಳು ಇನ್ನೂ ಅರ್ಧ ದಾರಿಯಲ್ಲಿ ಇರುವವರಿಗೆ. ಆ ಹೊತ್ತಿನಲ್ಲಿ ಕೈಗೆ ದಂಡದ ಬದಲು ಕೂಪನ್ ಬಂದರೆ ಹೇಗಿರುತ್ತದೆ ಎಂದು ಊಹಿಸಿಕೊಳ್ಳಿ.

ಹೇಳುವವರ ಧರ್ಮ ಒಂದು ಕಡೆಯಾದರೆ ಕೇಳುವವರದೂ ಒಂದಿದೆ, ನಮ್ಮ ಸಮುದಾಯದಲ್ಲಿ ಕಷ್ಟವಿರುವುದು ಬಹುಶಃ ಅಲ್ಲೇ. "ನಿಮ್ಮ ಬ್ರೇಕ್ ಲೈಟು ಉರೀತಿಲ್ಲ ರಾಯರೇ" ಎಂದರೆ "ಹೌದೌದು, ಗೊತ್ತಿದೆ, ಮುಂದಿನ ವಾರ ಸರ್ವೀಸಿಗೆ ಬಿಡ್ತಾ ಇದೀನಿ" ಎಂಬ ಉತ್ತರ ತಟ್ಟನೆ ಬರುತ್ತದೆ. ಗೊತ್ತಿರಲು ಸಾಧ್ಯವೇ ಇಲ್ಲ, ಆದರೂ ಬರುತ್ತದೆ. ಮಾತು ದೀಪದ ಬಗ್ಗೆ ಇದ್ದರೂ ಕಿವಿಗೆ ಬೀಳುವುದು ತನ್ನ ಬಗ್ಗೆ. ಹೀಗೆ ಎರಡು ಸಲ ಆದರೆ ಹೇಳುವವರು ಬಾಯಿ ಮುಚ್ಚಿಕೊಳ್ಳುತ್ತಾರೆ, ಮೂರನೆಯ ಸಲ ಅದನ್ನು ಊಟದ ಸಾಲಿನಲ್ಲಿ ಬೇರೆಯವರ ಹತ್ತಿರ ಹೇಳುತ್ತಾರೆ. ಬಲ್ಬಿಗೇ ಇಷ್ಟಾದರೆ, ವಯಸ್ಸಾದ ಹಿರಿಯರೊಬ್ಬರು ರಾತ್ರಿ ಹೊತ್ತು ಲೇನ್ ಬಿಟ್ಟು ಓಡಿಸುತ್ತಿದ್ದಾರೆ ಎಂಬಂಥ ದೊಡ್ಡ ಮಾತನ್ನು ಯಾರು ಯಾರಿಗೆ ಹೇಳುತ್ತಾರೆ? ಅದು ಎಲ್ಲರಿಗೂ ಗೊತ್ತಿರುತ್ತದೆ, ಅವರೊಬ್ಬರನ್ನು ಬಿಟ್ಟು. ಅಂಥ ಮಾತಿಗೆ ಬಾಯಿ ಬರಬೇಕಾದರೆ ಬಲ್ಬಿನಂಥ ಸಣ್ಣ ಮಾತಿನಲ್ಲಿ ಅಭ್ಯಾಸವಾಗಿರಬೇಕು ಎಂದು ನಮ್ಮ ಅಭಿಪ್ರಾಯ.

ಈಗ ಸಂಪಾದಕರು ಕೇಳಿದ್ದಕ್ಕೆ ಬರೋಣ. ನಿಮ್ಮ ಕಾರಿನ ಕೈಪಿಡಿಯಲ್ಲಿ ಬಲ್ಬಿನ ಸಂಖ್ಯೆ ಇದೆ. ಬಿಡಿಭಾಗದ ಅಂಗಡಿಯಲ್ಲಿ ಜೋಡಿ ಬಲ್ಬಿಗೆ ಆಗುವುದು ಕೆಲವೇ ಡಾಲರ್. ಎಂಜಿನ್ ಮತ್ತು ದೀಪ ಆರಿಸಿ, ಬಲ್ಬು ತಣ್ಣಗಾಗಲು ಬಿಡಿ. ಡಿಕ್ಕಿ ತೆಗೆಯಿರಿ. (ಕಾರಿನ ಹಿಂಭಾಗಕ್ಕೂ ಅಪಘಾತಕ್ಕೂ ನಮ್ಮ ಭಾಷೆಯಲ್ಲಿ ಒಂದೇ ಪದ ಇರುವುದು ಎಷ್ಟು ಅರ್ಥಗರ್ಭಿತ!) ಪಕ್ಕದ ಕಾರ್ಪೆಟ್ಟನ್ನು ಸರಿಸಿದರೆ ಬಹಳ ಕಾರುಗಳಲ್ಲಿ ಹೋಲ್ಡರಿನ ಹಿಂಭಾಗ ಸಿಗುತ್ತದೆ, ಕೆಲವದರಲ್ಲಿ ಒಂದೆರಡು ಸ್ಕ್ರೂ ಬಿಚ್ಚಿ ಇಡೀ ದೀಪವನ್ನು ಹೊರಗೆ ಎಳೆಯಬೇಕು. ಹೋಲ್ಡರನ್ನು ಎಡಕ್ಕೆ ಕಾಲು ಸುತ್ತು ತಿರುಗಿಸಿದರೆ ಕೈಗೆ ಬರುತ್ತದೆ. 3157, 7443 ಬಲ್ಬುಗಳನ್ನು ನೇರವಾಗಿ ಎಳೆದು ಹೊಸದನ್ನು ನೇರವಾಗಿ ಒತ್ತಬೇಕು. 1157 ಹಾಗಲ್ಲ, ಊರಿನ ಮನೆಯ ಪಿನ್ನಿನ ಬಲ್ಬಿನ ಹಾಗೆ ಒತ್ತಿ ತಿರುಗಿಸುವಂಥದ್ದು. ಈ ದೇಶದ ಮನೆಗಳ ಸುತ್ತಿ ಸುತ್ತಿ ಕೂರಿಸುವ ಬಲ್ಬಿಗೆ ಒಗ್ಗಿದ ಮಕ್ಕಳು ಇದರಲ್ಲಿ ತಡವರಿಸುತ್ತಾರೆ, ಅಜ್ಜಂದಿರ ಕೈ ತಾನಾಗಿ ಹೋಗುತ್ತದೆ. ಅದರ ಎರಡು ಪಿನ್ನುಗಳು ಒಂದೇ ಎತ್ತರದಲ್ಲಿಲ್ಲ, ಆದ್ದರಿಂದ ಒಂದೇ ರೀತಿಯಲ್ಲಿ ಮಾತ್ರ ಕೂರುತ್ತದೆ; ಬಲವಂತ ಮಾಡಬೇಡಿ, ತಿರುಗಿಸಿ ನೋಡಿ. ಮೂರು ಬ್ರೇಕ್ ದೀಪಗಳೂ ಒಟ್ಟಿಗೆ ಹೋಗಿದ್ದರೆ ತಪ್ಪು ಬಲ್ಬಿನದಲ್ಲ, ಫ್ಯೂಸಿನದೋ ಪೆಡಲಿನ ಮೇಲಿರುವ ಸ್ವಿಚ್ಚಿನದೋ ಇರಬೇಕು. ಇತ್ತೀಚಿನ ಅನೇಕ ಕಾರುಗಳಲ್ಲಿ ಎಲ್‌ಇಡಿ ದೀಪ ಮೊಹರು ಹಾಕಿದಂತೆ ಬರುತ್ತದೆ, ಬಲ್ಬೇ ಇಲ್ಲ; ಕೆಟ್ಟರೆ ಇಡೀ ಘಟಕವನ್ನೇ ಬದಲಿಸಬೇಕು, ಖರ್ಚು ನೂರಾರು ಡಾಲರ್. ಬೇಗ ಕೆಡುವುದಿಲ್ಲ ಎಂಬುದೊಂದೇ ಸಮಾಧಾನ.

ಎಲ್ಲ ಮುಗಿದ ಮೇಲೆ ಪರೀಕ್ಷೆ. ಒಬ್ಬರೇ ಇದ್ದರೆ ಕಾರನ್ನು ಗ್ಯಾರೇಜಿನ ಬಾಗಿಲಿಗೋ ಅಂಗಡಿಯ ಗಾಜಿಗೋ ಬೆನ್ನು ಮಾಡಿ ನಿಲ್ಲಿಸಿ, ಬ್ರೇಕ್ ತುಳಿದು, ಕನ್ನಡಿಯಲ್ಲಿ ಕೆಂಪು ಬೆಳಕು ಬೀಳುತ್ತದೆಯೇ ನೋಡಬಹುದು. ಒಬ್ಬರು ತುಳಿದು ಇನ್ನೊಬ್ಬರು ಹಿಂದೆ ನಿಂತು ನೋಡುವುದು ಎಲ್ಲಕ್ಕಿಂತ ಸುಲಭ. ಮನೆಯಲ್ಲಿ ಎಂಟು ಹತ್ತು ವರ್ಷದ ಮಗುವಿದ್ದರೆ ಹಿಂದೆ ನಿಲ್ಲುವ ಕೆಲಸ ಅದಕ್ಕೆ ಕೊಡಿ. "ಎಡಗಡೆದು ಬಂತು, ಬಲಗಡೆದು ಇಲ್ಲ ಅಪ್ಪಾ" ಎಂದು ಕನ್ನಡದಲ್ಲಿ ಹೇಳಿಸಿ. ಎಡ ಬಲ ಯಾವುದು ಎಂಬ ಪಾಠವೂ ಆಗುತ್ತದೆ.

ಕಾರ್ಯಕಾರಿ ಸಮಿತಿಯವರಿಗೆ ನಮ್ಮದೊಂದು ಸಲಹೆ. ಬರುವ ಹಬ್ಬದ ಕಾರ್ಯಕ್ರಮದ ದಿನ ಪಾರ್ಕಿಂಗಿನ ಬಾಗಿಲಲ್ಲಿ ಇಬ್ಬರು ಸ್ವಯಂಸೇವಕರು ನಿಂತು, ಬರುವ ಪ್ರತಿ ಕಾರಿಗೂ ಒಮ್ಮೆ ಬ್ರೇಕ್ ತುಳಿಯಲು ಹೇಳಿ ನೋಡಲಿ. ಉರಿಯದವರ ಪಟ್ಟಿ ಮಾಡಬಾರದು, ವೇದಿಕೆಯಿಂದ ಹೆಸರು ಕೂಗಬಾರದು. ಕಿಟಕಿಯ ಹತ್ತಿರ ಹೋಗಿ ಅವರಿಗಷ್ಟೇ ಹೇಳಬೇಕು. ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಈ ಮೂರು ಸಂಖ್ಯೆಯ ಬಲ್ಬುಗಳು, ಎರಡು ಸ್ಕ್ರೂಡ್ರೈವರ್, ಒಂದು ಟಾರ್ಚ್ ಇದ್ದರೆ ಸಾಕು. ಊಟ ಹೇಗೂ ಅರ್ಧ ಗಂಟೆ ತಡವಾಗಿಯೇ ಶುರುವಾಗುತ್ತದೆ, ಅಷ್ಟರಲ್ಲಿ ಹಾಕಿ ಮುಗಿಸಬಹುದು.